ಕಸಿ ಮಾಡಿದ ಮೂತ್ರಪಿಂಡ ಮತ್ತು ದೇಹದ ಕಾವಲುಗಾರರು

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಸದಸ್ಯರಿಗಾಗಿ ಏರ್ಪಡಿಸಿದ್ದ ಆರೋಗ್ಯ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)





ಸಂಘದ ಸಭೆಗಳಲ್ಲಿ ವಿದ್ಯಾರ್ಥಿ ವೇತನ, ಹಾಸ್ಟೆಲು, ಪರೀಕ್ಷಾ ಫಲಿತಾಂಶ ಇವುಗಳ ಬಗ್ಗೆ ಮಾತಾಡುವುದು ವಾಡಿಕೆ. ಇಂದು ನಾನು ಆಯ್ದುಕೊಂಡ ವಿಷಯ ಅದಕ್ಕಿಂತ ಬೇರೆ ಎಂದು ತೋರಬಹುದು. ಆದರೆ ವಿದ್ಯೆಯೆಂದರೆ ಪ್ರಮಾಣಪತ್ರ ಮಾತ್ರವಲ್ಲ. ತನ್ನ ದೇಹದ ಒಳಗೆ ಏನು ನಡೆಯುತ್ತಿದೆ ಎಂಬುದನ್ನು ಅರಿಯುವುದೂ ವಿದ್ಯೆಯೇ. ನಮ್ಮ ಮಸೀದಿಗಳಲ್ಲಿ ಜುಮಾ ನಮಾಜಿನ ನಂತರ ಆಗಾಗ ಒಂದು ಪ್ರಕಟಣೆ ಕೇಳಿಬರುತ್ತದೆ: ಇಂಥವರ ಎರಡೂ ಕಿಡ್ನಿ ಹಾಳಾಗಿವೆ, ಆಪರೇಷನ್ನಿಗೆ ಸಹಾಯ ಮಾಡಿ ಎಂದು. ಜನ ಉದಾರವಾಗಿ ಕೊಡುತ್ತಾರೆ. ಆಪರೇಷನ್ ಆಗುತ್ತದೆ, ರೋಗಿ ಮನೆಗೆ ಬರುತ್ತಾರೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು ಎಂದು ಎಲ್ಲರೂ ಭಾವಿಸುತ್ತೇವೆ. ನಿಜ ಸಂಗತಿಯೆಂದರೆ, ಕಸಿ ಎಂಬುದು ಆ ದಿನ ಮುಗಿಯುವುದಿಲ್ಲ, ಆ ದಿನ ಆರಂಭವಾಗುತ್ತದೆ. ಇದು ಏಕೆ ಎಂಬುದನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶ.

ಗಿಡದ ಕಸಿ, ಮನುಷ್ಯನ ಕಸಿ

ನಮ್ಮ ರೈತರಿಗೆ ‘ಕಸಿ’ ಎಂಬ ಪದ ಹೊಸದಲ್ಲ. ಮಾವಿನ ಸಸಿಗೆ ಒಳ್ಳೆಯ ಜಾತಿಯ ಕಡ್ಡಿಯನ್ನು ಸೇರಿಸಿ ಪಟ್ಟಿ ಸುತ್ತಿದರೆ ಕೆಲವು ವಾರಗಳಲ್ಲಿ ಎರಡೂ ಒಂದಾಗುತ್ತವೆ. ಪಟ್ಟಿ ಬಿಚ್ಚಿದ ಮೇಲೆ ಅದರ ಯೋಚನೆ ಬೇಡ. ಮೂತ್ರಪಿಂಡದ ಕಸಿಗೂ ಅದೇ ಹೆಸರು ಇರುವುದರಿಂದ, ಇಲ್ಲಿಯೂ ಹಾಗೆಯೇ ಹೊಂದಿಕೊಳ್ಳುತ್ತದೆ ಎಂದು ಜನ ತಿಳಿಯುತ್ತಾರೆ. ಆದರೆ ಗಿಡಕ್ಕೆ ರಕ್ತವಿಲ್ಲ. ಆ ರಕ್ತದಲ್ಲಿ ಹಗಲಿರುಳು ಗಸ್ತು ತಿರುಗುವ ಕಾವಲುಗಾರರೂ ಇಲ್ಲ. ಮನುಷ್ಯನಿಗೆ ಇದ್ದಾರೆ. ಬಿಳಿ ರಕ್ತಕಣಗಳೇ ಆ ಕಾವಲುಗಾರರು. ಹೊರಗಿನಿಂದ ಬಂದ ರೋಗಾಣುವನ್ನು ಗುರುತಿಸಿ ಕೊಲ್ಲುವುದು ಅವುಗಳ ಕೆಲಸ. ದುರದೃಷ್ಟವಶಾತ್, ಬಂದದ್ದು ಶತ್ರುವೋ ಪ್ರಾಣ ಉಳಿಸಲು ತಾಯಿ ಕೊಟ್ಟ ಅಂಗವೋ ಎಂಬ ಭೇದ ಅವುಗಳಿಗೆ ತಿಳಿಯದು. ‘ನನ್ನದು’ ಮತ್ತು ‘ನನ್ನದಲ್ಲ’, ಈ ಎರಡೇ ಲೆಕ್ಕ.

ಹಾಗಾದರೆ ಅವು ಗುರುತಿಸುವುದು ಹೇಗೆ? ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳ ಮೇಲೆ ಒಂದು ಬಗೆಯ ಗುರುತಿನ ಚೀಟಿ ಇರುತ್ತದೆ. ಇದಕ್ಕೆ ಎಚ್.ಎಲ್.ಎ. ಎಂದು ಹೆಸರು. ಇದರ ವಂಶವಾಹಿಗಳು ನಮ್ಮ 6ನೇ ವರ್ಣತಂತುವಿನಲ್ಲಿವೆ. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತವೆ. ಆದ್ದರಿಂದ ತಂದೆ-ತಾಯಿ ಮತ್ತು ಮಕ್ಕಳ ನಡುವೆ ಯಾವಾಗಲೂ ಅರ್ಧ ಹೊಂದಾಣಿಕೆ ಇರುತ್ತದೆ. ಒಡಹುಟ್ಟಿದವರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಅರ್ಧ ಹೊಂದುವುದು ನಾಲ್ಕರಲ್ಲಿ ಎರಡು, ಏನೂ ಹೊಂದದಿರುವುದು ನಾಲ್ಕರಲ್ಲಿ ಒಂದು. ಅವಳಿ-ಜವಳಿಗಳಲ್ಲಿ ಒಂದೇ ಅಂಡದಿಂದ ಹುಟ್ಟಿದವರಿಗೆ ಮಾತ್ರ ಎಲ್ಲವೂ ಒಂದೇ.

ಈ ಜ್ಞಾನ ಬಂದ ದಾರಿ

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ಸುಟ್ಟ ಗಾಯಗಳಿಗೆ ಬೇರೆಯವರ ಚರ್ಮ ಹಚ್ಚಿ ನೋಡುತ್ತಿದ್ದರು. ಚರ್ಮ ಕೆಲವು ದಿನಗಳಲ್ಲಿ ಉದುರಿಹೋಗುತ್ತಿತ್ತು. ಲೆಬನಾನ್ ಮೂಲದ ತಂದೆಯ ಮಗನಾದ ಪೀಟರ್ ಮೆಡಾವರ್ ಎಂಬ ವಿಜ್ಞಾನಿ ಇದನ್ನು ಸೂಕ್ಷ್ಮವಾಗಿ ಗಮನಿಸಿದರು. ಅದೇ ದಾನಿಯ ಚರ್ಮವನ್ನು ಎರಡನೇ ಸಲ ಹಚ್ಚಿದಾಗ ಅದು ಇನ್ನೂ ಬೇಗ ಉದುರಿತು. ಅಂದರೆ ದೇಹಕ್ಕೆ ಮೊದಲ ಭೇಟಿಯ ನೆನಪಿದೆ! ಈ ಕ್ಷೇತ್ರದ ಸಂಶೋಧನೆಗಾಗಿ ಅವರಿಗೆ 1960ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು.

1954ರ ಡಿಸೆಂಬರ್ 23ರಂದು ಅಮೆರಿಕದ ಬೋಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಅವರ ತಂಡ ರೊನಾಲ್ಡ್ ಹೆರಿಕ್ ಎಂಬಾತನ ಒಂದು ಮೂತ್ರಪಿಂಡವನ್ನು ಅವನ ಅವಳಿ ಸೋದರ ರಿಚರ್ಡನಿಗೆ ಜೋಡಿಸಿ ಯಶಸ್ವಿಯಾಯಿತು. ಇಬ್ಬರ ಗುರುತಿನ ಚೀಟಿಯೂ ಒಂದೇ ಆಗಿದ್ದರಿಂದ ಕಾವಲುಗಾರರು ಸುಮ್ಮನಿದ್ದರು. ರಿಚರ್ಡ್ ಎಂಟು ವರ್ಷ ಬದುಕಿದರು. ಒಂದೇ ಮೂತ್ರಪಿಂಡ ಉಳಿಸಿಕೊಂಡ ದಾನಿ ರೊನಾಲ್ಡ್ 79ನೇ ವಯಸ್ಸಿನವರೆಗೆ, ಅಂದರೆ 2010ರವರೆಗೆ ಬಾಳಿದರು. ದಾನ ಮಾಡಿದರೆ ಆಯುಷ್ಯ ಮುಗಿಯಿತು ಎಂದು ಹೆದರುವವರು ಇದನ್ನು ನೆನಪಿಡಬೇಕು.

ಅವಳಿಗಳಲ್ಲದವರಿಗೆ ಕಸಿ ಮಾಡಬೇಕಾದರೆ ಕಾವಲುಗಾರರನ್ನು ಹಿಡಿತದಲ್ಲಿಡುವ ಔಷಧ ಬೇಕಾಯಿತು. 1960ರ ದಶಕದಲ್ಲಿ ಅಜಾಥಿಯೋಪ್ರಿನ್ ಬಂತು. ನಾರ್ವೆ ದೇಶದ ಮಣ್ಣಿನಲ್ಲಿ ದೊರೆತ ಒಂದು ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ಸಿಕ್ಕಿತು. 1983ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆತ ಮೇಲೆ ಕಸಿಯ ಇತಿಹಾಸವೇ ಬದಲಾಯಿತು. 1984ರಲ್ಲಿ ಜಪಾನಿನ ತ್ಸುಕುಬಾ ಎಂಬಲ್ಲಿನ ಮಣ್ಣಿನ ಸೂಕ್ಷ್ಮಜೀವಿಯಿಂದ ಟ್ಯಾಕ್ರೋಲಿಮಸ್ ಪತ್ತೆಯಾಯಿತು. ಇಂದು ನಮ್ಮ ತಾಲ್ಲೂಕಿನ ಕಸಿ ರೋಗಿಗಳಲ್ಲಿ ಹೆಚ್ಚಿನವರು ಬೆಳಿಗ್ಗೆ-ಸಂಜೆ ನುಂಗುವುದು ಇದನ್ನೇ. ನಾವು ತುಳಿದು ನಡೆಯುವ ಮಣ್ಣಿನಲ್ಲಿ ಅಲ್ಲಾಹನು ಏನೆಲ್ಲ ಇಟ್ಟಿದ್ದಾನೆ ಎಂದು ವಿದ್ಯಾರ್ಥಿಗಳು ಯೋಚಿಸಬೇಕು.

ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮೂತ್ರಪಿಂಡ ಕಸಿ ಯಶಸ್ವಿಯಾಯಿತು. ಈಗ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿರುವ ಸರ್ಕಾರಿ ನೆಫ್ರೋ-ಯುರಾಲಜಿ ಸಂಸ್ಥೆ ಸೇರಿದಂತೆ ನಮ್ಮ ರಾಜ್ಯದಲ್ಲಿಯೇ ಅನೇಕ ಕಡೆ ಈ ಸೌಲಭ್ಯವಿದೆ.

ತಿರಸ್ಕಾರ ಮೂರು ಬಗೆ

ಹೊಸ ಮೂತ್ರಪಿಂಡವನ್ನು ಸಾಮಾನ್ಯವಾಗಿ ಹೊಟ್ಟೆಯ ಕೆಳಭಾಗದಲ್ಲಿ ಒಂದು ಪಕ್ಕಕ್ಕೆ ಜೋಡಿಸುತ್ತಾರೆ. ಹಳೆಯ ಎರಡನ್ನೂ ಬಹುತೇಕ ಹಾಗೆಯೇ ಬಿಡುತ್ತಾರೆ. ಅದನ್ನು ದೇಹ ಒಪ್ಪದೆ ದಾಳಿ ಮಾಡುವುದಕ್ಕೆ ತಿರಸ್ಕಾರ, ವೈದ್ಯರ ಮಾತಿನಲ್ಲಿ ‘ರಿಜೆಕ್ಷನ್’ ಎನ್ನುತ್ತಾರೆ.

ಮೊದಲನೆಯದು, ಆಪರೇಷನ್ ಟೇಬಲ್ಲಿನ ಮೇಲೆಯೇ ನಿಮಿಷಗಳಲ್ಲಿ ಅಥವಾ ಗಂಟೆಗಳಲ್ಲಿ ಆಗುವಂಥದ್ದು. ರೋಗಿಯ ರಕ್ತದಲ್ಲಿ ದಾನಿಯ ವಿರುದ್ಧ ಪ್ರತಿಕಾಯಗಳು ಮೊದಲೇ ತಯಾರಿದ್ದರೆ ಹೀಗಾಗುತ್ತದೆ. ದಾನಿಯ ಕಣಗಳನ್ನೂ ರೋಗಿಯ ರಕ್ತರಸವನ್ನೂ ಬೆರೆಸಿ ನೋಡುವ ‘ಕ್ರಾಸ್ ಮ್ಯಾಚ್’ ಪರೀಕ್ಷೆಯ ಮಹತ್ವವನ್ನು ಪಟೇಲ್ ಮತ್ತು ತೆರಸಾಕಿ ಎಂಬ ವಿಜ್ಞಾನಿಗಳು 1969ರಲ್ಲಿ ತೋರಿಸಿಕೊಟ್ಟ ಮೇಲೆ ಇದು ಬಹಳ ಅಪರೂಪವಾಗಿದೆ.

ಎರಡನೆಯದು, ಕೆಲವು ದಿನಗಳಿಂದ ಕೆಲವು ತಿಂಗಳ ಒಳಗೆ ಹೆಚ್ಚಾಗಿ ಕಾಣುವ ತೀವ್ರ ತಿರಸ್ಕಾರ. ಮಾತ್ರೆ ಬಿಟ್ಟರೆ ಹತ್ತು ವರ್ಷದ ನಂತರವೂ ಇದು ಬರಬಹುದು. ಬೇಗ ಗೊತ್ತಾದರೆ ಸ್ಟೀರಾಯ್ಡ್ ಇಂಜೆಕ್ಷನ್ ಮುಂತಾದ ಚಿಕಿತ್ಸೆಯಿಂದ ಹೆಚ್ಚಿನವರಲ್ಲಿ ತಡೆಯಬಹುದು.

ಮೂರನೆಯದು, ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ದೀರ್ಘಕಾಲಿಕ ತಿರಸ್ಕಾರ. ಗೆದ್ದಲು ಮರ ತಿಂದಂತೆ ಇದು. ಹೊರಗೆ ಏನೂ ಕಾಣದು, ಒಳಗೆ ಮೂತ್ರಪಿಂಡ ಸವೆಯುತ್ತಿರುತ್ತದೆ. ಹಾಳಾದ ಭಾಗವನ್ನು ಮರಳಿ ಪಡೆಯಲಾಗದು.

ಇಲ್ಲಿ ಒಂದು ಮಾತನ್ನು ಎಲ್ಲರೂ ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ತಿರಸ್ಕಾರದ ಆರಂಭದಲ್ಲಿ ನೋವು, ಜ್ವರ ಇರಲೇಬೇಕೆಂದಿಲ್ಲ. ಮೂತ್ರ ಕಡಿಮೆಯಾಗುವುದು, ಕಾಲು-ಮುಖ ಊದುವುದು, ಎರಡು ಮೂರು ದಿನಗಳಲ್ಲಿ ತೂಕ ಏರುವುದು, ರಕ್ತದೊತ್ತಡ ಹೆಚ್ಚುವುದು, ಕಸಿಯ ಜಾಗದಲ್ಲಿ ನೋವು, ಇವು ಕಂಡರೆ ಆ ದಿನವೇ ವೈದ್ಯರಿಗೆ ತಿಳಿಸಬೇಕು. ಆದರೆ ಅನೇಕರಲ್ಲಿ ಮೊದಲ ಸುಳಿವು ರಕ್ತ ಪರೀಕ್ಷೆಯ ಕ್ರಿಯಾಟಿನಿನ್ ಅಂಕಿಯಲ್ಲಿ ಮಾತ್ರ ಸಿಗುತ್ತದೆ. ‘ಚೆನ್ನಾಗಿಯೇ ಇದ್ದೇನಲ್ಲ, ಪರೀಕ್ಷೆ ಯಾಕೆ’ ಎಂಬ ಮಾತು ಅಪಾಯಕಾರಿ.

ತಾಯಂದಿರಿಗೆ ಸಂಬಂಧಿಸಿದ ಒಂದು ವಿಷಯ

ನಮ್ಮ ದೇಶದಲ್ಲಿ ಜೀವಂತ ದಾನಿಗಳಲ್ಲಿ ಹೆಚ್ಚಿನವರು ಮಹಿಳೆಯರು. ಪಡೆಯುವವರಲ್ಲಿ ಹೆಚ್ಚಿನವರು ಪುರುಷರು. ತಾಯಿ ಮಗನಿಗೆ, ಹೆಂಡತಿ ಗಂಡನಿಗೆ ಕೊಡುತ್ತಾರೆ. ಗಂಡ ಹೆಂಡತಿಗೆ ಕೊಡುವುದು ಕಡಿಮೆ. ಇದಕ್ಕೆ ಸಾಮಾಜಿಕ ಕಾರಣಗಳು ತಮಗೆ ಗೊತ್ತೇ ಇವೆ. ಆದರೆ ದೇಹದ ಕಡೆಯಿಂದಲೂ ಒಂದು ಕಾರಣವಿದೆ. ಗರ್ಭದಲ್ಲಿರುವ ಮಗುವಿನ ಗುರುತಿನ ಚೀಟಿಯಲ್ಲಿ ಅರ್ಧ ತಂದೆಯದು. ಹೆರಿಗೆಯ ವೇಳೆಗೆ ಮಗುವಿನ ಕಣಗಳು ತಾಯಿಯ ರಕ್ತಕ್ಕೆ ಸೇರಿ, ಕೆಲವು ತಾಯಂದಿರಲ್ಲಿ ಅದರ ವಿರುದ್ಧ ಪ್ರತಿಕಾಯ ಹುಟ್ಟುತ್ತದೆ. ಮುಂದೆ ಆಕೆಗೆ ಮೂತ್ರಪಿಂಡ ಬೇಕಾದಾಗ ಗಂಡನದಾಗಲಿ ಹೆತ್ತ ಮಕ್ಕಳದಾಗಲಿ ಹೊಂದದೆ ಹೋಗಬಹುದು. ಹಿಂದೆ ರಕ್ತ ಪಡೆದಿದ್ದರೂ ಹೀಗೆಯೇ.

ಹಾಗೆಂದು ದಾರಿ ಮುಚ್ಚಿತು ಎಂದಲ್ಲ. ಆಕೆಯ ಅಣ್ಣ-ತಮ್ಮಂದಿರು, ಅಕ್ಕ-ತಂಗಿಯರು ಮುಂದೆ ಬರಬಹುದು. ಅಂಗಾಂಗ ಕಸಿ ಕಾಯ್ದೆಗೆ 2011ರಲ್ಲಿ ಆದ ತಿದ್ದುಪಡಿಯಂತೆ, ಹೊಂದಾಣಿಕೆಯಿಲ್ಲದ ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲು ಅವಕಾಶವಿದೆ. ಮೃತ ದಾನಿಯ ಅಂಗಕ್ಕಾಗಿ ರಾಜ್ಯದ ‘ಜೀವಸಾರ್ಥಕತೆ’ ಸಂಸ್ಥೆಯ ವ್ಯವಸ್ಥೆಯಲ್ಲಿ ಆಸ್ಪತ್ರೆಯ ಮೂಲಕ ಹೆಸರು ನೋಂದಾಯಿಸಬಹುದು. ಹೆಣ್ಣುಮಕ್ಕಳ ವಿಷಯದಲ್ಲಿ ‘ನಸೀಬು’ ಎಂದು ಕೈಚೆಲ್ಲುವ ಮುನ್ನ ಈ ಮೂರೂ ದಾರಿಗಳನ್ನು ವಿಚಾರಿಸಬೇಕೆಂದು ನನ್ನ ವಿನಂತಿ. ಇನ್ನು ಹಣಕ್ಕಾಗಿ ಅಂಗ ಕೊಳ್ಳುವುದು, ಮಾರುವುದು 1994ರ ಕಾಯ್ದೆಯ ಪ್ರಕಾರ ಅಪರಾಧ. ದಲ್ಲಾಳಿಗಳ ಮಾತಿಗೆ ಯಾರೂ ಕಿವಿಗೊಡಬಾರದು.

ಅಂಗದಾನ ಧರ್ಮಸಮ್ಮತವೇ ಎಂದು ಹಲವರು ಕೇಳುತ್ತಾರೆ. ಇಸ್ಲಾಮಿಕ್ ಸಹಕಾರ ಸಂಘಟನೆಯ ಫಿಕ್ಹ್ ಅಕಾಡೆಮಿ 1988ರಲ್ಲಿ ಜಿದ್ದಾದಲ್ಲಿ ಸೇರಿ, ದಾನಿಯ ಪ್ರಾಣಕ್ಕೆ ಅಪಾಯವಾಗದಂತೆ, ಮಾರಾಟವಿಲ್ಲದೆ, ಷರತ್ತುಗಳೊಂದಿಗೆ ಇದಕ್ಕೆ ಅನುಮತಿ ನೀಡಿತು. ನಮ್ಮ ಉಪಖಂಡದ ಉಲಮಾಗಳಲ್ಲಿ ಭಿನ್ನಾಭಿಪ್ರಾಯವೂ ಇದೆ. ತಮಗೆ ವಿಶ್ವಾಸವಿರುವ ಆಲಿಮರನ್ನು ಕೇಳಿ ತೀರ್ಮಾನಿಸುವುದು ಒಳ್ಳೆಯದು.

ಮಾತ್ರೆಯೇ ಒಪ್ಪಂದ

ಕಸಿಯ ನಂತರ ಸಾಮಾನ್ಯವಾಗಿ ಮೂರು ಔಷಧಗಳಿರುತ್ತವೆ: ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು ಪ್ರೆಡ್ನಿಸೋಲೋನ್. ಇವು ಕಾವಲುಗಾರರನ್ನು ಕೊಲ್ಲುವುದಿಲ್ಲ, ಸುಮ್ಮನಿರಿಸುತ್ತವೆ. ಪ್ರಮಾಣ ಹೆಚ್ಚಾದರೆ ಸೋಂಕು, ಕೈನಡುಕ, ಸಕ್ಕರೆ ಕಾಯಿಲೆ, ಮೂತ್ರಪಿಂಡಕ್ಕೇ ಹಾನಿ. ಕಡಿಮೆಯಾದರೆ ತಿರಸ್ಕಾರ. ಕಾವಲುಗಾರರಿಗೆ ಮರೆವು ಎಂಬುದಿಲ್ಲ. ಹತ್ತು ವರ್ಷವಾದರೂ ಆ ಅಂಗ ‘ನನ್ನದಲ್ಲ’ ಎಂಬುದು ಅವುಗಳಿಗೆ ನೆನಪಿರುತ್ತದೆ. ಆದ್ದರಿಂದ ಅಂಗ ಕೆಲಸ ಮಾಡುವವರೆಗೆ ಮಾತ್ರೆ ಬಿಡುವಂತಿಲ್ಲ.

ನಮ್ಮ ಕಡೆಯ ರೋಗಿಗಳು ತಿಳಿಯಲೇಬೇಕಾದ ಕೆಲವು ಅಂಶಗಳನ್ನು ಹೇಳುತ್ತೇನೆ.

ಒಂದು: ಟ್ಯಾಕ್ರೋಲಿಮಸ್ ಪ್ರಮಾಣ ಅಳೆಯುವ ರಕ್ತವನ್ನು ಬೆಳಗಿನ ಮಾತ್ರೆಗೆ ಮುಂಚೆ ಕೊಡಬೇಕು. ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ದಾರಿಯಲ್ಲೇ ಮಾತ್ರೆ ನುಂಗಿ ಪರೀಕ್ಷೆಗೆ ನಿಂತರೆ ಅಂಕಿ ತಪ್ಪಾಗುತ್ತದೆ. ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಬೇಕು.

ಎರಡು: ‘ಇಮ್ಯೂನಿಟಿ ಹೆಚ್ಚಿಸುವ’ ಕಷಾಯ, ಅಮೃತಬಳ್ಳಿ, ಪುಡಿ, ಲೇಹ್ಯಗಳ ಬಳಕೆ 2020ರ ಕೊರೊನಾ ಕಾಲದಿಂದ ಮನೆಮನೆಗೆ ಬಂದಿದೆ. ಕಸಿಯಾದವರಿಗೆ ಇದು ಹಿತವಲ್ಲ. ಔಷಧ ಮಲಗಿಸಿದ ಕಾವಲುಗಾರರನ್ನು ನಾವೇ ಎಬ್ಬಿಸಿದಂತೆ ಆಗಬಹುದು. ಹಕೀಮರದಾಗಲಿ ನಾಟಿ ವೈದ್ಯರದಾಗಲಿ, ಔಷಧವನ್ನು ಕಸಿ ವೈದ್ಯರಿಗೆ ತೋರಿಸದೆ ಸೇವಿಸಬಾರದು. ಚಕ್ಕೋತ ಹಣ್ಣು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟವನ್ನು ಏರಿಸಬಲ್ಲದು. ಅದನ್ನೂ ಬಿಡುವುದು ಕ್ಷೇಮ.

ಮೂರು: ಕ್ಷಯರೋಗದ ರಿಫಾಂಪಿಸಿನ್ ಮತ್ತು ಫಿಟ್ಸ್ ಕಾಯಿಲೆಯ ಫೆನಿಟಾಯಿನ್ ಈ ಮಟ್ಟವನ್ನು ಇಳಿಸಿ ತಿರಸ್ಕಾರಕ್ಕೆ ದಾರಿ ಮಾಡಬಹುದು. ಕೆಲವು ಆಂಟಿಬಯೋಟಿಕ್ ಮತ್ತು ಶಿಲೀಂಧ್ರನಾಶಕ ಔಷಧಗಳು ಏರಿಸುತ್ತವೆ. ಮೈಕೈ ನೋವಿಗೆ ಅಂಗಡಿಯಿಂದ ತರುವ ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ನೇರ ಹಾನಿ ಮಾಡುತ್ತವೆ. ಯಾವ ವೈದ್ಯರ ಬಳಿ ಹೋದರೂ ‘ನನಗೆ ಕಿಡ್ನಿ ಕಸಿಯಾಗಿದೆ’ ಎಂಬುದು ಮೊದಲ ಮಾತಾಗಿರಲಿ. ವಾಂತಿ-ಭೇದಿಯಾದರೂ ತಿಳಿಸಬೇಕು. ಮೆಡಿಕಲ್ ಶಾಪಿನವರು ಬೇರೆ ಕಂಪನಿಯ ಮಾತ್ರೆ ಕೊಟ್ಟರೆ ವೈದ್ಯರನ್ನು ಕೇಳದೆ ಬದಲಿಸಬಾರದು.

ನಾಲ್ಕು: ರಮ್ಜಾನ್. ನಮ್ಮ ಊರುಗಳಲ್ಲಿ ಸಹರಿಯಿಂದ ಇಫ್ತಾರಿನವರೆಗೆ 13ರಿಂದ 14 ಗಂಟೆ. ದಿನಕ್ಕೆರಡು ಸಲದ ಮಾತ್ರೆಗೆ 12 ಗಂಟೆಯ ಅಂತರ ಬೇಕು. ನೀರಿಲ್ಲದೆ ದೇಹ ಒಣಗಿದರೂ ಮೂತ್ರಪಿಂಡಕ್ಕೆ ಕಷ್ಟ. ಕಸಿಯಾದ ಮೊದಲ ವರ್ಷ ಉಪವಾಸ ಬೇಡವೆಂದೇ ವೈದ್ಯರು ಹೇಳುತ್ತಾರೆ. ನಂತರವೂ ಕ್ರಿಯಾಟಿನಿನ್ ಸ್ಥಿರವಾಗಿರುವ ಕೆಲವರಿಗೆ ಮಾತ್ರ ಅನುಮತಿ ಕೊಡಬಹುದು. ದಿನಕ್ಕೊಮ್ಮೆ ನುಂಗುವ ಬಗೆಯ ಮಾತ್ರೆಗೆ ಬದಲಿಸಲೂಬಹುದು. ಆ ತೀರ್ಮಾನ ವೈದ್ಯರದೇ ಹೊರತು ರೋಗಿಯದಲ್ಲ, ನೆರೆಹೊರೆಯವರದಂತೂ ಅಲ್ಲ. ರೋಗಿಗೆ ಶರೀಅತ್ ಸ್ಪಷ್ಟವಾಗಿ ರಿಯಾಯಿತಿ ಕೊಟ್ಟಿದೆ. ಹಗಲು ಮಾತ್ರೆ ನುಂಗುವವನನ್ನು ಕಂಡು ಕೊಂಕು ನುಡಿಯುವುದು ಯಾರಿಗೂ ಶೋಭಿಸದು.

ಐದು: ಹಜ್ ಮತ್ತು ಉಮ್ರಾ. ಯಾತ್ರಿಕರಿಗೆ ನೀಡುವ ಬಾಯಿಯ ಪೋಲಿಯೋ ಹನಿ ಜೀವಂತ ಲಸಿಕೆ. ಕಸಿಯಾದವರು ಅದನ್ನು ತೆಗೆದುಕೊಳ್ಳಬಾರದು. ಬದಲಿಗೆ ಇಂಜೆಕ್ಷನ್ ರೂಪದ ಲಸಿಕೆ ಇದೆ. ಲಸಿಕಾ ಶಿಬಿರಕ್ಕೆ ಹೋಗುವ ಮೊದಲೇ ಕಸಿ ವೈದ್ಯರ ಪತ್ರ ಪಡೆದುಕೊಳ್ಳಬೇಕು.

ಆರು: ಕಸಿಯಾದ ಯುವತಿಯರು ತಾಯಿಯಾಗಬಹುದು. ಆದರೆ ಮೈಕೋಫಿನೋಲೇಟ್ ಗರ್ಭದ ಮಗುವಿಗೆ ಅಪಾಯಕಾರಿ. ಮೊದಲೇ ವೈದ್ಯರಿಗೆ ತಿಳಿಸಿ, ಔಷಧ ಬದಲಿಸಿಕೊಂಡ ಮೇಲೆಯೇ ಮುಂದುವರಿಯಬೇಕು.

ಸಂಘ ಮಾಡಬಹುದಾದ ಕೆಲಸ

ಈಗ ಒಂದು ಉದಾಹರಣೆ ಊಹಿಸಿಕೊಳ್ಳಿ. ಜಗಳೂರಿನ ಒಬ್ಬ ಲಾರಿ ಚಾಲಕ. ತಾಯಿಯ ಮೂತ್ರಪಿಂಡ ಪಡೆದಿದ್ದಾನೆ. ಮೊದಲ ವರ್ಷ ಎಲ್ಲರೂ ವಿಚಾರಿಸುತ್ತಾರೆ. ಎರಡನೇ ವರ್ಷ ಮಗಳ ಶಾಲಾ ಶುಲ್ಕ, ಮಳೆಯಿಲ್ಲದ ಊರಿನಲ್ಲಿ ಕೆಲಸದ ಅಭಾವ. ದಿನಕ್ಕೆ ಎರಡು ಮಾತ್ರೆಯ ಕಡೆ ಒಂದು ನುಂಗುತ್ತಾನೆ. ಏನೂ ತೊಂದರೆ ಕಾಣದು. ಧೈರ್ಯ ಬರುತ್ತದೆ. ರಕ್ತ ಪರೀಕ್ಷೆಯನ್ನೂ ಮುಂದೂಡುತ್ತಾನೆ. ಆರು ತಿಂಗಳಿಗೆ ಕಾಲು ಊದಿಕೊಂಡು ಆಸ್ಪತ್ರೆ ಸೇರುವಷ್ಟರಲ್ಲಿ ಕಾಲ ಮಿಂಚಿರುತ್ತದೆ. ತಾಯಿ ಕೊಟ್ಟದ್ದೂ ಹೋಯಿತು, ಊರವರು ಕೊಟ್ಟ ಲಕ್ಷಗಟ್ಟಲೆ ಹಣವೂ ಹೋಯಿತು. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆಯ ಡಯಾಲಿಸಿಸ್ ಮತ್ತೆ ಶುರು. ಅಷ್ಟೇ ಅಲ್ಲ, ಒಮ್ಮೆ ತಿರಸ್ಕರಿಸಿದ ದೇಹದಲ್ಲಿ ಪ್ರತಿಕಾಯಗಳು ಉಳಿಯುವುದರಿಂದ ಎರಡನೇ ದಾನಿ ಸಿಗುವುದು ಇನ್ನೂ ಕಷ್ಟ. ಮೆಡಾವರ್ ಕಂಡ ಅದೇ ನೆನಪು!

ಇಲ್ಲಿ ಆ ಯುವಕನನ್ನು ಬೈದು ಫಲವಿಲ್ಲ. ಆಪರೇಷನ್ನಿಗೆ ಚಂದಾ ಎತ್ತಿದ ನಾವು ಮಾತ್ರೆಗೆ ಎತ್ತಲಿಲ್ಲ ಎಂಬುದನ್ನು ಯೋಚಿಸಬೇಕು. ಆದ್ದರಿಂದ ನನ್ನ ಸಲಹೆಗಳು ಇಷ್ಟು.

ನಾಲ್ಕೂ ತಾಲ್ಲೂಕುಗಳಲ್ಲಿ ಕಸಿಯಾದವರ, ಡಯಾಲಿಸಿಸ್‌ನಲ್ಲಿರುವವರ ಒಂದು ಪಟ್ಟಿಯನ್ನು, ಅವರ ಒಪ್ಪಿಗೆ ಪಡೆದು, ಗುಟ್ಟಾಗಿ ಇಟ್ಟುಕೊಳ್ಳೋಣ. ಕಸಿಗೆ ಸಹಾಯ ಮಾಡುವಾಗ ಸಂಗ್ರಹವಾದ ಹಣದಲ್ಲಿ ಒಂದು ಭಾಗವನ್ನು ಮುಂದಿನ ವರ್ಷಗಳ ಮಾತ್ರೆಗೆಂದು ತೆಗೆದಿಡೋಣ. ಝಕಾತ್ ಹಣವನ್ನು ಅರ್ಹ ರೋಗಿಯ ಕೈಗೇ ತಲುಪಿಸುವ ಕ್ರಮದ ಬಗ್ಗೆ ಆಲಿಮರ ಮಾರ್ಗದರ್ಶನ ಪಡೆಯೋಣ. ಸದಖಾ ಹಣಕ್ಕಂತೂ ಅಡ್ಡಿಯಿಲ್ಲ. ಬಿಪಿಎಲ್ ಕುಟುಂಬಗಳ ಅಂಗಾಂಗ ಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರದ ನೆರವಿದೆ. ಅರ್ಜಿ ತುಂಬಿಕೊಡಲು ನಮ್ಮ ಪದವೀಧರ ಯುವಕರು ಮುಂದೆ ಬರಲಿ. ದೂರದ ಬೆಂಗಳೂರಿಗೆ ಪ್ರತಿ ಸಲ ಹೋಗಲಾಗದವರು ದಾವಣಗೆರೆ ಅಥವಾ ಶಿವಮೊಗ್ಗದಲ್ಲಿ ರಕ್ತ ಪರೀಕ್ಷೆ ಮಾಡಿಸಿ ಫಲಿತಾಂಶವನ್ನು ಕಸಿ ವೈದ್ಯರಿಗೆ ಕಳಿಸಬಹುದೇ ಎಂದು ಕೇಳಿಕೊಡೋಣ. ಶಾಲಾ ಮಕ್ಕಳಿಗೂ ಒಂದು ಕೆಲಸವಿದೆ: ಮನೆಯಲ್ಲಿ ಕಸಿಯಾದ ಅಬ್ಬಾ ಅಥವಾ ಅಮ್ಮಿ ಇದ್ದರೆ, ಮಾತ್ರೆಯ ಹೊತ್ತನ್ನು ನೆನಪಿಸುವ ಜವಾಬ್ದಾರಿ ನಿಮ್ಮದು.

ಇನ್ನು ಕೊನೆಯದಾಗಿ, ಹೊಸ ಕಿಡ್ನಿ ಬೇಕಾಗುವ ಸ್ಥಿತಿಯೇ ಬಾರದಿರುವುದು ಎಲ್ಲಕ್ಕಿಂತ ಮೇಲು. ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಇವೆರಡೇ ಮೂತ್ರಪಿಂಡ ಹಾಳಾಗಲು ದೊಡ್ಡ ಕಾರಣಗಳು. ಇವು ಇರುವವರು ವರ್ಷಕ್ಕೊಮ್ಮೆಯಾದರೂ ಮೂತ್ರದಲ್ಲಿ ಪ್ರೋಟೀನ್ ಮತ್ತು ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಒಳ್ಳೆಯ ಆರೈಕೆಯಿದ್ದರೆ ಕಸಿಯಾದ ಮೂತ್ರಪಿಂಡ ಹತ್ತು-ಹದಿನೈದು ವರ್ಷ, ಕೆಲವರಲ್ಲಿ ಇಪ್ಪತ್ತು ವರ್ಷ ದಾಟಿಯೂ ಕೆಲಸ ಮಾಡುತ್ತದೆ. ಅಷ್ಟರಲ್ಲಿ ಒಂದು ಮಗು ಶಾಲೆ ಸೇರಿ, ಪದವಿ ಮುಗಿಸಿ, ಮನೆಯ ಭಾರ ಹೊರುವಂತಾಗುತ್ತದೆ. ಆ ವರ್ಷಗಳನ್ನು ಒಂದು ಕುಟುಂಬಕ್ಕೆ ಉಳಿಸಿಕೊಡುವುದು ವಿದ್ಯಾರ್ಥಿ ವೇತನ ಕೊಟ್ಟಷ್ಟೇ ದೊಡ್ಡ ಶಿಕ್ಷಣ ಸೇವೆ ಎಂದು ನಾನು ನಂಬಿದ್ದೇನೆ.

ಅಲ್ಲಾಹನು ರೋಗಿಗಳಿಗೆ ಶಿಫಾ ನೀಡಲಿ, ದಾನಿಗಳಿಗೆ ಆಯುರಾರೋಗ್ಯ ಕೊಡಲಿ, ನಮಗೆಲ್ಲ ಕೊನೆಯವರೆಗೆ ಜೊತೆ ನಿಲ್ಲುವ ಮನಸ್ಸು ದಯಪಾಲಿಸಲಿ. ಆಮೀನ್.